ಒದ್ದೆ ಕೈ, ಒಣ ಕೈ

ನಮ್ಮ ಕತ್ತಲೆ ಕೋಣೆಯಲ್ಲಿ ಒಂದು ಕಟ್ಟಳೆ ಇತ್ತು. ಬಲಗೈ ಒಣಗಿರಬೇಕು, ಎಡಗೈ ಒದ್ದೆಯಾಗಿರಬೇಕು. ಬಲಗೈಯಲ್ಲಿ ಹೊಸ ಗಾಜಿನ ಪ್ಲೇಟು ಮತ್ತು ಕಾಗದ ಹಿಡಿಯುವುದು, ಎಡಗೈಯನ್ನು ಚಿತ್ರ ಮೂಡಿಸುವ ಡೆವಲಪರ್ ಮತ್ತು ಅದನ್ನು ನಿಲ್ಲಿಸುವ ಹೈಪೊ ತುಂಬಿದ ತಟ್ಟೆಗಳಿಗೆ ಅದ್ದುವುದು. ಒಂದು ಹನಿ ಅತ್ತಿತ್ತ ಆಯಿತೋ, ಮದುಮಗನ ಮುಖದ ಮೇಲೆ ಕಲೆ. ನಾನು ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಹೊಸದರಲ್ಲಿ ನಮ್ಮ ಮನೆಯವರು ಕಲಿಸಿದ ಮೊದಲ ಪಾಠ ಅದು. ಅವರು ಬೀದಿಗೆ ಮುಖವಿದ್ದ ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದರು. ಹಿಂದೆ, ಹಳೆಯ ಉಗ್ರಾಣದ ಕಿಟಕಿ ಮುಚ್ಚಿ ಮಾಡಿದ ಕೋಣೆಯಲ್ಲಿ, ಕೆಂಪು ಗಾಜಿನ ಲಾಂದ್ರದ ಬೆಳಕಿನಲ್ಲಿ ನಾನು ಅವನ್ನು ತೊಳೆಯುತ್ತಿದ್ದೆ. ಹದಿನೈದು ವರ್ಷ ಹೀಗೇ ನಡೆಯಿತು. ಊರಿನ ಅರ್ಧ ಜನರ ಮುಖ ಮೊದಲು ನನ್ನ ಎಡಗೈಯಲ್ಲಿ ಮೂಡಿದೆ.

ಆ ಎಡಗೈಯಲ್ಲಿ ಈಗ ಎರಡು ಬೆರಳು ಮಡಚಿಕೊಂಡಿವೆ, ನೆಟ್ಟಗಾಗುವುದಿಲ್ಲ. ನನಗೆ ಬಂದದ್ದು ಕುಷ್ಠ. ನಮ್ಮ ಕಡೆ ಹೆಸರು ಹೇಳದೆ 'ದೊಡ್ಡ ರೋಗ' ಎನ್ನುತ್ತಾರೆ. ಅದು ನಿಂತು ಕೆಲವು ವರ್ಷಗಳಾದವು. ಇಷ್ಟು ದಿನ ಸುಮ್ಮನಿದ್ದು ಈಗ ಬರೆಯುತ್ತಿರುವುದೇಕೆಂದರೆ, ಮೊನ್ನೆ ಶಿರಾಳಕೊಪ್ಪದ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ದಾರಿಯುದ್ದಕ್ಕೂ ಒಂದು ಕೈಯನ್ನು ಸೆರಗಿನಿಂದ ಹೊರಗೆ ತೆಗೆಯಲಿಲ್ಲ. ಟಿಕೆಟ್ಟನ್ನೂ ಹಲ್ಲಿನಲ್ಲಿ ಕಚ್ಚಿಕೊಂಡಳು. ನಾನು ಮಾತಾಡಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಊರು ಬಂತು.

ಇದು ಶುರುವಾದದ್ದು ರಾಜ್ಯ ಒಂದಾದ ಮರುವರ್ಷ ಇರಬೇಕು. ಅದಕ್ಕೂ ಮೊದಲು ಎರಡು ಬೇಸಿಗೆ ನನ್ನ ಎಡಗೈ ಒಡೆದು, ತುರಿಸಿ, ನೀರು ಸೋರಿತ್ತು. ಡೆವಲಪರಿಗೆ ಹಾಕುವ ಮೆಟಾಲ್ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಈ ಕಸುಬಿನವರಿಗೆಲ್ಲ ಗೊತ್ತಿದ್ದ ಸಂಗತಿ ಅದು. 'ಮೆಟಾಲ್ ಹತ್ತಿತು' ಎನ್ನುತ್ತಿದ್ದೆವು, ನೆಗಡಿ ಹತ್ತಿತು ಎಂದಷ್ಟೇ ಸಲೀಸಾಗಿ. ಕೊಬ್ಬರಿ ಎಣ್ಣೆ ಹಚ್ಚಿ, ಎಂಟು ದಿನ ಕೆಲಸ ಬಿಟ್ಟರೆ ಇಳಿಯುತ್ತಿತ್ತು. ಹಾಗಾಗಿ ಮೂರನೆಯ ವರ್ಷ ಎಡ ಮುಂಗೈ ಮೇಲೆ ಹುಣಸೆ ಬೀಜದಷ್ಟು ಬಿಳಿಚಿದ, ಒರಟು ಮಚ್ಚೆ ಕಂಡಾಗ ಯಾರೂ ಎರಡನೆಯ ಸಲ ನೋಡಲಿಲ್ಲ. ಕಿರುಬೆರಳಿನ ಕಡೆ ಸ್ವಲ್ಪ ಮಂದವೆನಿಸಿತು. ಅದೂ ಮೆಟಾಲೇ. ಈ ಸಲ ತುರಿಕೆ ಇರಲಿಲ್ಲ.

"ತುರಿಸಂಗಿಲ್ಲ ಅಂದ್ರೆ ಚರ್ಮ ಗಟ್ಟಿ ಆಗೇತಿ. ಇನ್ನು ನಿನಗೆ ಮೆಟಾಲ್ ಏನೂ ಮಾಡಲ್ಲ" ಎಂದರು ನಮ್ಮ ಮನೆಯವರು. ನಾನೂ ಸಂತೋಷಪಟ್ಟೆ. ವಾಸಿಯಾಗುತ್ತಿದೆ ಎಂದುಕೊಂಡು ಒಂದು ವರ್ಷ ಕಳೆದೆವು.

ಆ ವರ್ಷ ನನಗೆ ಇನ್ನೊಂದು ಹುಚ್ಚು ಹಿಡಿದಿತ್ತು. ಸ್ಟುಡಿಯೋದಲ್ಲಿ ಒಂದು ಹಳೆಯ ಡಬ್ಬಾ ಕ್ಯಾಮರಾ ಮೂಲೆ ಸೇರಿತ್ತು. ರೋಲಿನ ಕೊನೆಯಲ್ಲಿ ಒಂದೆರಡು ಫಿಲ್ಮು ಉಳಿದರೆ ನನಗೆ ಕೊಡುತ್ತಿದ್ದರು. ಕತ್ತಲೆ ಕೋಣೆಯಿಂದ ಹೊರಗೆ ಕಾಲಿಟ್ಟರೆ ಹಿತ್ತಿಲು. ಅಲ್ಲಿ ಕಂಡದ್ದನ್ನೆಲ್ಲ ತೆಗೆಯುತ್ತಿದ್ದೆ. ಒಗೆಯುವ ಕಲ್ಲಿನ ಮೇಲೆ ಹಿಂಡಿ ಇಟ್ಟ ಸೀರೆ, ಮೊರ ಹಿಡಿದು ಅಕ್ಕಿ ಕೇರುವ ಅತ್ತೆ, ಬಾವಿಗಟ್ಟೆಯಲ್ಲಿ ಬಾಲ ಸುತ್ತಿ ಕೂತ ಬೆಕ್ಕು. ಆಮೇಲೆ ಹಕ್ಕಿಗಳು. ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು, ಬಟ್ಟೆ ಒಣಹಾಕುವ ತಂತಿಯ ತುದಿಗೆ ಸೂರಕ್ಕಿ ಜೋಳಿಗೆಯಂಥ ಗೂಡು ನೇತುಹಾಕಿತ್ತು.

ಡಬ್ಬಾ ಕ್ಯಾಮರಾ ಹತ್ತಿರದ್ದನ್ನು ಹಿಡಿಯುವುದಿಲ್ಲ. ಮೊದಲ ಪ್ರಿಂಟು ನೋಡಿ ಇವರು ನಕ್ಕಿದ್ದೇ ನಕ್ಕಿದ್ದು. "ಇದ್ರಾಗೆ ಹಕ್ಕಿ ಎಲ್ಲೈತೆ? ನೀನು ಬೆರಳಿಟ್ಟು ತೋರಿಸಿದ ಮ್ಯಾಲೆ ಕಾಣೋದು ಹಕ್ಕಿ ಅಲ್ಲ, ಗಂಡನ ನಂಬಿಕೆ." ನಾನು ಬಿಡಲಿಲ್ಲ. ಅತ್ತೆಯ ಮುರಿದ ಚಾಳೀಸಿನ ಒಂದು ಗಾಜನ್ನು ಕ್ಯಾಮರಾದ ಕಣ್ಣಿಗೆ ಮೇಣದಿಂದ ಅಂಟಿಸಿ, ಗೇಣಳತೆಯಲ್ಲಿ ದೂರ ಗೊತ್ತುಮಾಡಿಕೊಂಡು, ಗುಂಡಿಗೆ ದಾರ ಕಟ್ಟಿ, ಅಡಿಗೆಮನೆಯ ಬಾಗಿಲಲ್ಲಿ ಕೂತು ಎಳೆದೆ. ಸೂರಕ್ಕಿಯ ಮರಿ ಬಾಯಿ ತೆರೆದದ್ದು ಕೊಕ್ಕಿನೊಳಗೆ ಕತ್ತಲೆ ಕಾಣುವಷ್ಟು ಸ್ಪಷ್ಟವಾಗಿ ಬಂತು. ನಮ್ಮ ಮಗಳು ನೀಲಾ, ಆಗ ಎಂಟು ವರ್ಷ, ಆ ಪ್ರಿಂಟನ್ನು ಪಾಟಿಚೀಲದಲ್ಲಿಟ್ಟುಕೊಂಡು ಶಾಲೆಗೆಲ್ಲ ತೋರಿಸಿದಳು.

"ನನ್ನ ಚಾಳೀಸು ಹಾಕ್ಕೊಂಡು ಹಕ್ಕಿ ನೋಡ್ತಿಯಲ್ಲೇ, ನನಗೆ ಅಕ್ಕಿಯೊಳಗಿನ ಕಲ್ಲು ಕಾಣವಲ್ದು" ಎಂದರು ಅತ್ತೆ. ಮುನಿಸಿಲ್ಲದ ಬೈಗಳು. ನಾವು ಚೆನ್ನಾಗಿಯೇ ಇದ್ದೆವು. ಅದನ್ನೂ ಬರೆದಿಡಬೇಕು.

ಗೊತ್ತಾದದ್ದು ಒಂದು ಚೈತ್ರದ ಮಧ್ಯಾಹ್ನ. ಶಿರಾಳಕೊಪ್ಪದ ಒಂದು ಮದುವೆಯ ಹನ್ನೆರಡು ಪ್ಲೇಟು ತೊಳೆಯುವುದಿತ್ತು. ಪುಡಿ ಕರಗಲು ಬಿಸಿನೀರು ಬೇಕು, ಆದರೆ ತೊಳೆಯುವ ಹೊತ್ತಿಗೆ ಡೆವಲಪರ್ ಬಾವಿನೀರಿನಷ್ಟು ತಣ್ಣಗಾಗಿರಬೇಕು. ನಮ್ಮ ಥರ್ಮಾಮೀಟರ್ ಒಡೆದು ಎಷ್ಟೋ ವರ್ಷವಾಗಿತ್ತು. ಒದ್ದೆ ಕೈಯ ಕಿರುಬೆರಳನ್ನು ಅದ್ದಿ ನೋಡುವುದು ನನ್ನ ರೂಢಿ. ಅಂದೂ ಅದ್ದಿದೆ. ಬಿಸಿ ಅನ್ನಿಸಲಿಲ್ಲ. ಒಂದಾದ ಮೇಲೊಂದು ಪ್ಲೇಟು ಇಳಿಸಿದೆ. ಮುಖಗಳು ಮೂಡತೊಡಗಿದವು, ಮೂಡಿದ ಹಾಗೇ ಅಂಚಿನಲ್ಲಿ ಸುಕ್ಕುಗಟ್ಟಿ, ಗಾಜಿನ ಮೇಲಿನ ಸರೇಸಿನ ಪದರವೇ ಕೆನೆಯ ಹಾಗೆ ಜಾರಿ ತಟ್ಟೆಗೆ ಬಿತ್ತು. ಧಾರೆಯ ಪ್ಲೇಟು ಹೋಯಿತು. ಹುಡುಗಿಯ ಅಜ್ಜ ಮಂಚದ ಮೇಲೆ ದಿಂಬಿಗೊರಗಿ ಹರಸುತ್ತಿದ್ದ ಪ್ಲೇಟು ಹೋಯಿತು. ಆ ಅಜ್ಜ ಮೊಮ್ಮಗಳ ಮದುವೆ ಮುಗಿದ ನಾಲ್ಕನೆಯ ದಿನ ತೀರಿಕೊಂಡಿದ್ದರು, ಅವರದೆಂದು ಇದ್ದದ್ದು ಅದೊಂದೇ ಪಟ.

ನನ್ನ ಕೂಗು ಕೇಳಿ ಇವರು ಓಡಿಬಂದು ತಟ್ಟೆಗೆ ಕೈಯಿಟ್ಟವರು ಸರಕ್ಕನೆ ಎಳೆದುಕೊಂಡರು. "ಕಾದೈತಲ್ಲೇ ಇದು! ಬೆರಳಿಟ್ಟು ನೋಡಿದ್ಯೋ ಇಲ್ಲೋ?"

"ನೋಡೀನಿ. ತಣ್ಣಗಿತ್ತು."

"ತಣ್ಣಗಂತೆ! ಸುಳ್ಳು ಬ್ಯಾರೆ ಹೇಳ್ತಿಯ."

ಹದಿನೈದು ವರ್ಷದಲ್ಲಿ ಅವರು ನನಗೆ ಸುಳ್ಳಿ ಅಂದದ್ದು ಅದೇ ಮೊದಲು. ನಾನು ಸಿಟ್ಟಿನಿಂದ ಎಡಗೈಯನ್ನು ಅವರ ಮುಖದೆದುರು ಹಿಡಿದೆ. ಬಾಗಿಲ ಬೆಳಕಿನಲ್ಲಿ ಇಬ್ಬರೂ ಒಟ್ಟಿಗೇ ನೋಡಿದೆವು. ಕಿರುಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ಬೊಬ್ಬೆ ಎದ್ದು ಒಡೆದಿತ್ತು. ಒಲೆಯದೋ, ಪುಡಿ ಕರಗಿಸಿದ ನೀರಿನದೋ, ಯಾವತ್ತಿನದೋ. ನನಗೆ ಗೊತ್ತೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಕಣ್ಣು ಮುಚ್ಚಿ ಗಮನವಿಟ್ಟೆ. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ನೀರೆರೆದರೆ, ಹೆಬ್ಬೆರಳಿನ ಕಡೆ ಹರಿದ ನೀರು ತಣ್ಣಗೆ ತಾಕಿತು. ಕಿರುಬೆರಳಿನ ಕಡೆ ಹರಿದದ್ದು ತೊಡೆಯ ಮೇಲೆ ತೊಟ್ಟಿಕ್ಕಿದ ಮೇಲೆಯೇ ತಿಳಿಯಿತು. ದಿನವೂ ಮಾಡುವ ಪೂಜೆ. ಎಷ್ಟು ದಿನದಿಂದ ಹೀಗಿತ್ತೋ, ಶಿವನೇ ಬಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಎರಡೂ ಕಡೆ ಬಸುರಿ ಹೆಂಗಸರು ಕೂತಿದ್ದರು. ಒಬ್ಬಳು "ನಿಮಗೆ ಏನಾಗೇತ್ರಿ ಅಕ್ಕಾ?" ಎಂದು ಕೇಳಿದಳು. "ಕೈಗೆ ಮದ್ದಿನ ಪುಡಿ ಹತ್ತೇತಿ" ಎಂದೆ. ಆ ಮಾತನ್ನು ನಂಬಿ ಹೇಳಿದ್ದು ಅದೇ ಕೊನೆಯ ಸಲ.

ಡಾಕ್ಟರು ವಯಸ್ಸಾದವರು, ಮೆಲುದನಿ. ಮೆಟಾಲಿನ ಕಥೆಯನ್ನೆಲ್ಲ ಕೇಳಿಸಿಕೊಂಡರು. "ತುರಿಸ್ತದೇನಮ್ಮಾ?" ಎಂದು ಒಂದೇ ಪ್ರಶ್ನೆ ಕೇಳಿದರು. "ಇಲ್ಲ" ಎಂದೆ. ಅವರು ಮೇಜಿನಿಂದ ಹತ್ತಿ ತೆಗೆದುಕೊಂಡರು. ಕಣ್ಣು ಮುಚ್ಚಿಸಿ, ಮುಟ್ಟಿದಾಗೆಲ್ಲ ಎಣಿಸಲು ಹೇಳಿದರು. ನಾನು ಮೂರು ಎಂದಾಗ ಅವರು ಒಂಬತ್ತು ಸಲ ಮುಟ್ಟಿದ್ದರಂತೆ. ಪಕ್ಕದಲ್ಲಿ ನಿಂತಿದ್ದ ಇವರ ಉಸಿರು ನನಗೆ ಕೇಳಿಸುತ್ತಿತ್ತು. ಡಾಕ್ಟರು ಮೊಣಕೈ ಹಿಂದೆ ಒತ್ತಿ ನೋಡಿದರು, ಅಲ್ಲಿ ನರ ಹಗ್ಗದ ಹಾಗೆ ದಪ್ಪಗಾಗಿತ್ತು. ಕಿವಿಯ ಹಾಲೆಯಿಂದ ಚೂರು ಕೆರೆದು ಗಾಜಿನ ಮೇಲೆ ಸವರಿ, ಪರೀಕ್ಷೆಗೆ ಜಿಲ್ಲೆಗೆ ಕಳಿಸಿದರು. ಫಲ ಬರಲು ಹದಿನೈದು ದಿನ. ಆ ಹದಿನೈದು ದಿನ ನೀಲಾ ಕುತ್ತಿಗೆಗೆ ಜೋತುಬೀಳಲು ಬಂದಾಗಲೆಲ್ಲ "ಹೋಗು, ಮೈಯೆಲ್ಲ ಹೈಪೊ ನಾತ" ಎಂದು ದೂರ ಮಾಡಿದೆ.

"ನೋಡಮ್ಮ, ಇದು ಬೇರೆಯವರಿಗೆ ಹರಡೋ ಬಗೆಯದಲ್ಲ" ಎಂದರು ಡಾಕ್ಟರು, ಕಾಗದ ಬಂದ ಮೇಲೆ. "ಈಗ ಗುಳಿಗೆ ಬಂದಿದೆ. ವರ್ಷಗಟ್ಟಲೆ ನುಂಗಬೇಕು, ಬಿಡಬಾರದು. ರೋಗ ನಿಲ್ತದೆ. ಬೆರಳಿಗೆ ಹೋದದ್ದು ಬರೋದಿಲ್ಲ." ಆಮೇಲೆ ಇವರ ಕಡೆ ತಿರುಗಿ, "ಮನೇಲಿ ಮಕ್ಕಳಿದ್ದಾವಾ? ಒಂದ್ಸಲ ಕರಕೊಂಡು ಬನ್ನಿ, ನೋಡಿಬಿಡೋಣ. ಬೇಗ ಸಿಕ್ಕರೆ ಏನೂ ಆಗೋದಿಲ್ಲ."

ಅತ್ತೆಗೆ ಹೇಳಲೇಬೇಕಾಯಿತು. ಅವರು ನನ್ನ ಕೈ ನೋಡಿ, ಗೋಡೆಗೆ ಹಣೆಯಿಟ್ಟು, "ಲಿಂಗ ಇಡೋ ಕೈಗೇ ಬಂತೇನೇ ಯವ್ವಾ!" ಎಂದು ಅತ್ತರು. ನನಗಾಗಿಯೇ ಅತ್ತರು, ಅದರಲ್ಲಿ ಕಪಟವಿರಲಿಲ್ಲ. ಆದರೆ ಅಂದಿನಿಂದ ನನಗೆ ನೀರು ಕೊಡುವಾಗ ತಂಬಿಗೆಯನ್ನು ಒಂದು ಗೇಣು ಎತ್ತರದಿಂದ ಬಗ್ಗಿಸತೊಡಗಿದರು. ಡಾಕ್ಟರ ಮಾತು ಹೇಳಿದರೆ, "ಆ ಮಾತು ಡಾಕ್ಟರಿಗೆ ಆತು. ಊರಿಗೆ ಯಾರು ಹೇಳ್ತಾರೆ? ಈ ಮನಿಯಾಗೆ ತೊಳೆದ ಫೋಟೋ ಯಾರು ದೇವರ ಪಕ್ಕ ತೂಗಹಾಕ್ತಾರೆ?" ಎಂದರು. ನೀಲಾಳನ್ನು ತೋರಿಸುವ ಮಾತಿಗಂತೂ ಕಿವಿ ಮುಚ್ಚಿಕೊಂಡರು. "ಹೆಣ್ಣು ಕೂಸು. ಆ ಸಾಲಿನಾಗೆ ನಿಂತಿದ್ದು ಒಬ್ಬರು ಕಂಡರೂ ಅದರ ಬಾಳು ಮುಗೀತು. ನಾ ಇರೋತನಕ ಆಗಂಗಿಲ್ಲ."

ಇವರು ಎದ್ದು ಸ್ಟುಡಿಯೋಕ್ಕೆ ಹೋದರು. ನಾನು ಸೊರಬದಲ್ಲಿರುವ ಗಿರಿಜಕ್ಕನ ಮನೆಗೆ ಹೋಗುವುದು, ಅಲ್ಲೇ ಮದ್ದು ತೆಗೆದುಕೊಳ್ಳುವುದು, ನೀಲಾ ಅಜ್ಜಿಯ ಬಳಿ ಇರುವುದು ಎಂದು ತೀರ್ಮಾನವಾಯಿತು. 'ಅಕ್ಕನಿಗೆ ಮೈ ಹುಷಾರಿಲ್ಲ' ಎಂದು ಊರಿಗೆ ಹೇಳಿದ್ದಾಯಿತು. ಬಸ್ಸು ಹತ್ತಿ ಕೂತ ಮೇಲೆ ಇವರು ಡಬ್ಬಾ ಕ್ಯಾಮರಾವನ್ನು ಕಿಟಕಿಯಿಂದ ಒಳಗೆ ಕೊಟ್ಟರು. "ಬ್ಯಾಸರಕ್ಕೆ ಇರಲಿ" ಎಂದರು. ನೀಲಾ ಶಾಲೆಯಲ್ಲಿದ್ದಳು. ಆ ಹೊತ್ತನ್ನೇ ಆರಿಸಿದ್ದೆವು.

ಗಿರಿಜಕ್ಕ ನನ್ನ ಸ್ವಂತ ಅಕ್ಕ. ಭಾವ ಒಳ್ಳೆಯವರು, ಆದರೆ ಹೆದರುಪುಕ್ಕಲು. ಹಿತ್ತಿಲ ಕಟ್ಟಿಗೆ ಕೋಣೆಯನ್ನು ಖಾಲಿ ಮಾಡಿ ಸುಣ್ಣ ಹೊಡೆಸಿದ್ದರು. "ಎಂತ ಮಾಡದು ಪಾರೂ, ಅವ್ರಿಗೆ ಅಂಜಿಕೆ. ನಂಗೆ ಎಂತದೂ ಇಲ್ಲ" ಎನ್ನುತ್ತಿದ್ದಳು ಅಕ್ಕ. ಎನ್ನುತ್ತಲೇ ಅನ್ನದ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಅವಳಿಗೇ ಅದು ಗೊತ್ತಿರಲಿಲ್ಲವೇನೋ. ನನಗೆ ಸಿಟ್ಟು ಬರಲಿಲ್ಲ. ನನ್ನ ಕೈಯನ್ನು ನಾನೇ ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದ ದಿನಗಳವು.

ಮಂಗಳವಾರ ಮದ್ದಿನ ದಿನ. ಹೊರಗಿನಿಂದ ಒಬ್ಬ ಡಾಕ್ಟರು ಬರುತ್ತಿದ್ದರು. ಊರ ಅಂಚಿನ ಒಂದು ಕೊಠಡಿ, ಮುಂದೆ ಹುಣಸೆ ಮರ, ಅದರ ಕೆಳಗೆ ನಮ್ಮ ಸಾಲು. ಮೊದಲ ದಿನ ನಾನು ಸೆರಗನ್ನು ಹಣೆಯವರೆಗೆ ಎಳೆದು, ಕೈಯನ್ನು ಒಳಗೆ ಸುತ್ತಿಕೊಂಡು, ಸಾಲಿನಿಂದ ಹತ್ತು ಮಾರು ದೂರ ನಿಂತಿದ್ದೆ. ಮೂಗು ಚಪ್ಪಟೆಯಾಗುತ್ತಿದ್ದ ಒಬ್ಬ ಮುದುಕ ಕೂಗಿದ: "ಎಂತ ತಂಗೀ, ನೀ ಅಲ್ಲಿ ನಿಂತ್ರೆ ಬಸ್ಸಿಗೆ ಕಾಯಾಳು ಅಂದ್ಕತಾರೆ ಅಂತನಾ? ಇಲ್ಲಿ ಬಸ್ಸು ನಿಲ್ಲದಿಲ್ಲ ಮಾರಾಯ್ತಿ. ಬಾ, ನೆಳ್ಳಾದ್ರೂ ಇದೆ."

ಉಳವಿಯ ಹುಚ್ಚಪ್ಪ ಆತ. ಅವನ ಪಕ್ಕ ಕೂತೆ. ಎಲ್ಲರ ಕಣ್ಣೂ ದಾರಿಯ ಮೇಲೆ, ಪರಿಚಯದವರು ಬಂದಾರೆಂದು. ಕೊಠಡಿಯ ಒಳಗೆ ಹೋದವರು ಹೊರಬರುವಾಗ ಹಿಂಬಾಗಿಲಿನಿಂದ ಬರುತ್ತಿದ್ದರು. ಹುಚ್ಚಪ್ಪ ಒಬ್ಬನೇ ಮುಂಬಾಗಿಲಿನಿಂದ ಬಂದು, ಮರದ ಬುಡದಲ್ಲಿ ಕೂತು, ಎಲ್ಲರ ಎದುರೇ ಗುಳಿಗೆ ನುಂಗಿ, ನೀರು ಕುಡಿದು, "ಹೋತು ಒಂದು ವಾರ" ಎನ್ನುತ್ತಿದ್ದ. ಮನೆಯಲ್ಲಿ ಅವನನ್ನು ಗದ್ದೆಯ ಗುಡಿಸಲಿಗೆ ಹಾಕಿ ಆರು ವರ್ಷವಾಗಿತ್ತು.

ಗುಳಿಗೆಯ ಮೊದಲ ತಿಂಗಳುಗಳು ಕೆಟ್ಟವು. ಮೈ ಬಿಸಿಯಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ಮೊಣಕೈಯ ನರ ಹಲ್ಲುನೋವಿನ ಹಾಗೆ ನೋಯುತ್ತಿತ್ತು. ಸ್ಪರ್ಶವೇ ಇಲ್ಲದ ಕೈಗೆ ನೋವು ಮಾತ್ರ ಹೇಗೆ ಉಳಿಯಿತೆಂದು ಆಶ್ಚರ್ಯವಾಗುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ಬೆರಳು ಒಳಕ್ಕೆ ಬಾಗಿದವು.

ದಿನಕ್ಕೆ ಇದ್ದ ಒಂದೇ ಕೆಲಸವೆಂದರೆ ಹಿತ್ತಿಲು ನೋಡುವುದು. ಬಾವಿಯ ಗೋಡೆಯ ಸಂದಿಯಲ್ಲಿ ಮಡಿವಾಳ ಹಕ್ಕಿ, ಅಂಜೂರದ ಎರಡು ಎಲೆಗಳನ್ನು ಹತ್ತಿಯ ನೂಲಿನಿಂದ ಹೊಲಿದು ಅದರೊಳಗೆ ಸಂಸಾರ ಹೂಡಿದ್ದ ಸಿಂಪಿಗ ಹಕ್ಕಿ. ಕ್ಯಾಮರಾವನ್ನು ಮಡಿಲಲ್ಲಿಟ್ಟು ಬಲಗೈಯಿಂದ ದಾರ ಎಳೆಯುತ್ತಿದ್ದೆ. ರೋಲು ತುಂಬಿದರೆ ಕಾಗದದಲ್ಲಿ ಸುತ್ತಿ ಬಸ್ ಕಂಡಕ್ಟರ ಕೈಯಲ್ಲಿ ಶಿಕಾರಿಪುರಕ್ಕೆ ಕಳಿಸುವುದು. ಎಂಟು ಹತ್ತು ದಿನಕ್ಕೆ ಪ್ರಿಂಟು ಬರುತ್ತಿದ್ದವು. ಇವರು ಒಂದು ಸಾಲು ಕೂಡ ಬರೆಯುತ್ತಿರಲಿಲ್ಲ. ಪ್ರಿಂಟಿನ ಬೆನ್ನ ಮೇಲೆ ನೀಲಾ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. 'ಅವ್ವ, ಇದು ಯಾವ ಹಕ್ಕಿ?' 'ಇದನ್ನು ಅಪ್ಪ ತೊಳೆದರು. ನೀನು ತೊಳೆದ ಹಾಗೆ ಇಲ್ಲ.' 'ದೊಡ್ಡಮ್ಮನಿಗೆ ಯಾವಾಗ ವಾಸಿಯಾಗುತ್ತದೆ?' ಊರಿಗೆ ಹೇಳಿದ ಸುಳ್ಳನ್ನೇ ಅವಳಿಗೂ ಹೇಳಿದ್ದರು.

ಶಿವರಾತ್ರಿ ಕಳೆದ ಮೇಲೆ ಬಂದ ಒಂದು ಪ್ರಿಂಟು. ಸಿಂಪಿಗ ಹಕ್ಕಿ ಎಲೆಯಂಚಿನಲ್ಲಿ ಕೂತದ್ದು, ಚೆನ್ನಾಗಿ ಬಂದಿತ್ತು. ತಿರುಗಿಸಿದೆ. 'ಅಜ್ಜಿ ದಿನಾ ನನ್ನ ಬೆನ್ನಿಗೆ ಅರಿಶಿನ ಎಣ್ಣೆ ಹಚ್ಚುತ್ತಾಳೆ. ಯಾಕೆ ಅಂದರೆ ಸುಮ್ಮನಿರು ಅಂತಾಳೆ. ಅಂಗಿಗೆಲ್ಲ ಹಳದಿ.'

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಅಕ್ಕ ಹೊಸ್ತಿಲಿಗೆ ತಂದಿಟ್ಟ ಗಂಜಿ ಆರಿ ಕೆನೆಗಟ್ಟಿತ್ತು. ಅತ್ತೆ ಏನು ಕಂಡಿದ್ದರೆಂದು ನನಗೆ ಗೊತ್ತಾಯಿತು. ಒಂದು ವರ್ಷ ನಾನು ಎಣ್ಣೆ ಹಚ್ಚಿಕೊಂಡು ಕೂತದ್ದಾದರೂ ತಿಳಿಯದೆ. ಅವರು ತಿಳಿದೂ ಹಚ್ಚುತ್ತಿದ್ದರು.

ಹೊಸ ರೋಲಿನ ಸುತ್ತು ಕಾಗದದಲ್ಲಿ ಇವರಿಗೆ ಮೂರೇ ಮಾತು ಬರೆದೆ. 'ರಜೆ ಶುರುವಾದ ಕೂಡಲೇ ನೀಲಾಳನ್ನು ಕರೆದುಕೊಂಡು ಬನ್ನಿ. ಇಲ್ಲದಿದ್ದರೆ ನಾನೇ ಬರುತ್ತೇನೆ. ಕೈ ಮುಚ್ಚಿಕೊಂಡು ಬರುವುದಿಲ್ಲ.'

ಬೇಸಿಗೆ ರಜೆಯ ಮೊದಲ ಶನಿವಾರ ಇಬ್ಬರೂ ಬಂದರು. ನೀಲಾ ಒಂದು ವರ್ಷದಲ್ಲಿ ಉದ್ದವಾಗಿದ್ದಳು. ನನ್ನ ಬೆರಳುಗಳನ್ನು ನೋಡಿ ನಿಂತುಬಿಟ್ಟಳು. ಆಮೇಲೆ "ನೋಯ್ತದಾ ಅವ್ವಾ?" ಎಂದಳು. "ಇಲ್ಲ" ಎಂದೆ. ಅವಳಿಗೆ ಬೇರೆ ತಟ್ಟೆ, ಒಳಮನೆಯಲ್ಲಿ ಅಕ್ಕನ ಮಕ್ಕಳ ಜೊತೆ ಹಾಸಿಗೆ. ಊಟಕ್ಕೆ ನನ್ನ ಬಳಿ ಬಂದು ಕೂತರೆ, "ಆ ಕಡೆ ಕೂತು ಉಣ್ಣು" ಎಂದು ನಾನೇ ಗದರಿದೆ.

ಸೋಮವಾರ ಸಂಜೆ ಹಿತ್ತಿಲಲ್ಲಿ ಇವರೊಡನೆ ಮಾತಿಗೆ ಕೂತೆ. ಅವರು ಬೀಡಿ ಹಚ್ಚಿ ಆರಿಸಿ ಹಚ್ಚಿ ಆರಿಸಿ ಮಾಡುತ್ತಿದ್ದರು.

"ಬೆನ್ನ ಮ್ಯಾಲಿಂದು ಸೆಕೆ ಗುಳ್ಳೆ ಅಂದ್ಲು ಅವ್ವ" ಎಂದರು.

"ನೀವು ನೋಡಿದ್ರಾ?"

"ಅರಿಶಿನ ಹಚ್ಚಿರ್ತಾಳೆ. ಏನು ಕಾಣ್ತೈತಿ ಅದ್ರಾಗೆ?"

"ಕಾಣಬಾರದು ಅಂತಲೇ ಹಚ್ಚೋದು ರೀ."

ಅವರು ಬಾವಿಯ ಕಡೆ ನೋಡಿದರು. "ಅವ್ವಗೆ ಮಾತು ಕೊಟ್ಟು ಬಂದೀನಿ. ಆ ಸಾಲಿಗೆ ಕೂಸನ್ನ ನಿಲ್ಲಿಸಲ್ಲ ಅಂತ. ಲಿಂಗ ಮುಟ್ಟಿಸ್ಕೊಂಡು ಕಳಿಸ್ಯಾಳೆ."

ನಾನು ಎಡಗೈಯನ್ನು ಅವರ ಮೊಣಕಾಲ ಮೇಲಿಟ್ಟೆ. ಒಂದು ವರ್ಷದ ಮೇಲೆ ಅವರನ್ನು ಮುಟ್ಟಿದ್ದೆ. "ಆ ಮದುವಿ ಪ್ಲೇಟು ಸುಲಿದು ಹೋತಲ್ಲ, ಅದಕ್ಕೂ ಒಂದು ವರ್ಷ ಮೊದಲು ನಾವು ತೋರಿಸಿದ್ದರೆ ಈ ಬೆರಳು ನೆಟ್ಟಗಿರ್ತಿದ್ವು. ನಿಮ್ಮವ್ವಗೆ ಕೊಟ್ಟ ಮಾತು ದೊಡ್ಡದು. ನೀಲಾಗೆ ಹತ್ತೂ ಬೆರಳು ಬೇಕು, ಅಷ್ಟೇ ನಾ ಕೇಳೋದು."

ಅವರು ನನ್ನ ಕೈ ಸರಿಸಲಿಲ್ಲ. ಬೀಡಿಯನ್ನು ನೆಲಕ್ಕೆ ಒತ್ತಿ, "ಸಾಲಿನಾಗೆ ನಿಲ್ಲಿಸಲ್ಲ ಅಂದೀನಿ" ಎಂದರು. "ಫೋಟೋ ತೆಗೆಯಾಕೆ ಹೋಗಲ್ಲ ಅಂದಿಲ್ಲ."

ಮಂಗಳವಾರ ಬೆಳಿಗ್ಗೆ ಇವರು ಅಂಗಿಯ ಮೇಲೆ ಕೋಟು ಹಾಕಿಕೊಂಡು, ಸೊರಬದಲ್ಲಿ ಯಾರದೋ ಮುಂಜಿಯೆಂದು ಊರಿಗೆ ಹೇಳಿ ತಂದಿದ್ದ ದೊಡ್ಡ ಕ್ಯಾಮರಾ ಹೊತ್ತು, ಮುಕ್ಕಾಲಿಯನ್ನು ಹೆಗಲಿಗೇರಿಸಿ ಹೊರಟರು. ಕ್ಯಾಮರಾಕ್ಕೆ ಹೊದಿಸುವ ಕರಿ ಬಟ್ಟೆಯನ್ನು ಮಡಚಿ ಎದೆಗವುಚಿಕೊಂಡು ನೀಲಾ ಹಿಂದೆ. ನೋಡಿದವರಿಗೆ ಫೋಟೋಗ್ರಾಫರು ಮತ್ತು ಅವರ ಮಗಳು, ಅಷ್ಟೇ. ನಾನು ಮೊದಲೇ ಹೋಗಿ ಡಾಕ್ಟರಿಗೆ ಹೇಳಿದ್ದೆ. ಅವರು ನಗಲಿಲ್ಲ. "ಯಾವ ವೇಷದಲ್ಲಾದ್ರೂ ಬರಲಿ, ಬಂದರೆ ಸಾಕು" ಎಂದರು.

ನಾನು ಕೊಠಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹುಣಸೆ ಮರದ ಕೆಳಗೆ ಮುಕ್ಕಾಲಿ ಊರಿದ್ದೇ ತಡ, ಸಾಲಿನಲ್ಲಿದ್ದವರು ಸೆರಗು, ಟವಲು ಎಳೆದುಕೊಂಡು ಮುಖ ತಿರುಗಿಸಿದರು. ಒಬ್ಬ ಹೆಂಗಸು ಎದ್ದು ಓಡಿಯೇ ಹೋದಳು. ಅವಳ ಒಂದು ವಾರದ ಗುಳಿಗೆ ನಮ್ಮಿಂದ ತಪ್ಪಿತು. ಅದು ಈಗಲೂ ನನ್ನನ್ನು ಚುಚ್ಚುತ್ತದೆ. ಇವರು ಕೈ ಚೆಲ್ಲಿ ನಿಂತಾಗ ಹುಚ್ಚಪ್ಪ ಎದ್ದು ಬಂದ.

"ನಂದು ತೆಗ್ದುಬಿಡು ಮಾರಾಯ. ಮೂಗು ಇಷ್ಟಾದ್ರೂ ಇದ್ದಾಗ್ಲೇ ತೆಗಿ. ಸತ್ ಮೇಲೆ ಗೋಡೆಗೆ ಹಾಕಕ್ಕೆ ಒಂದು ಮುಖ ಬೇಕಲ್ದಾ? ಮಕ್ಕಳು ಸತ್ತವ್ರನ್ನ ಒಳಗೆ ಸೇರ್ಸ್ಕತಾರೆ."

ಇವರು ಕ್ಯಾಮರಾದ ಹಿಂದೆ ಬಗ್ಗಿದರು. "ಬಟ್ಟೆ ಒಳಗಿಡು ಹೋಗು ನೀಲಾ, ಇಲ್ಲಿ ಬ್ಯಾಡ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅವಳು ಮುಂಬಾಗಿಲಿನಿಂದ ಒಳಗೆ ಬಂದಳು.

ಡಾಕ್ಟರು ಅವಳ ಅಂಗಿ ಎತ್ತಿ, ಒದ್ದೆ ಬಟ್ಟೆಯಿಂದ ಬೆನ್ನಿನ ಅರಿಶಿನ ಒರೆಸಿದರು. ಎಡ ಹೆಗಲ ಎಲುಬಿನ ಕೆಳಗೆ ಒಂದು ಮಚ್ಚೆ ಹೊರಬಂತು, ಬಿಳಿಚಿದ್ದು, ದುಂಡಗೆ.

"ಕಣ್ಣು ಮುಚ್ಚು ಪುಟ್ಟಾ. ಮುಟ್ಟಿದಾಗೆಲ್ಲ ಎಣಿಸಬೇಕು, ಆಯ್ತಾ?"

"ಒಂದು" ಎಂದಳು ನೀಲಾ. ಆಟವೆಂದುಕೊಂಡಿದ್ದಳು. ಕುತ್ತಿಗೆಗೆ ಮುಟ್ಟಿದರು, "ಎರಡು." ಬಲ ಹೆಗಲು, "ಮೂರು." ಸೊಂಟ, "ನಾಲ್ಕು." ಮಚ್ಚೆಯ ಅಂಚಿನ ಹೊರಗೆ, "ಐದು." ಹತ್ತಿ ಮಚ್ಚೆಯ ನಡುವಿಗೆ ಬಂತು. ನಾನು ಮನಸ್ಸಿನಲ್ಲೇ ಆರು ಎಂದೆ. ಮತ್ತೆ ಮುಟ್ಟಿದರು. ಏಳು. ಎಂಟು. ನೀಲಾ ಕಣ್ಣು ಬಿಗಿಯಾಗಿ ಮುಚ್ಚಿ, ತುಟಿಯಲ್ಲಿ ಮುಂದಿನ ಅಂಕಿ ಸಿದ್ಧವಾಗಿಟ್ಟುಕೊಂಡು, ಡಾಕ್ಟರು ಯಾವಾಗ ಮುಟ್ಟುತ್ತಾರೋ ಎಂದು ಕಾಯುತ್ತಿದ್ದಳು.

ಹೊರಗೆ ಇವರ ದನಿ ಕೇಳುತ್ತಿತ್ತು: "ಅಲ್ಲಾಡಬ್ಯಾಡ ಅಜ್ಜಾ. ಉಸಿರು ಹಿಡಿ."

ಬೇಗ ಸಿಕ್ಕಿತು ಎಂದರು ಡಾಕ್ಟರು. ನನ್ನಿಂದ ಬಂದದ್ದೋ, ನನಗೆ ಬಂದ ಕಡೆಯಿಂದಲೇ ಅವಳಿಗೂ ಬಂದದ್ದೋ, ಅವರಿಗೂ ತಿಳಿಯದು. ಎರಡೂವರೆ ವರ್ಷ ಗುಳಿಗೆ ನುಂಗಿದಳು. ಮಚ್ಚೆ ಮಾಸಿತು, ಈಗ ಹುಡುಕಿದರೂ ಸಿಗುವುದಿಲ್ಲ. ಅವಳ ಹತ್ತೂ ಬೆರಳು ನೆಟ್ಟಗಿವೆ. ಬೆನ್ನಿಗೆ ಅರಿಶಿನ ಹಚ್ಚುವ ಯಾರಾದರೂ ಇದನ್ನು ಓದುತ್ತಿದ್ದರೆ, ಅದನ್ನು ಒರೆಸಿ ಬೆಳಕಿಗೆ ಹಿಡಿಯಿರಿ ಎಂದು ಕೈಮುಗಿದು ಕೇಳುತ್ತೇನೆ. ಕೈ ಮುಗಿಯುವಾಗ ನನ್ನ ಎರಡು ಬೆರಳು ಸೇರುವುದಿಲ್ಲ, ಕ್ಷಮಿಸಿ.

ಆದರೆ ಇದು ಹೀಗೆ ಮುಗಿಯುವುದೆಂದು ಅಂದು ಗೊತ್ತಿರಲಿಲ್ಲ. ಅಂದು ಗೊತ್ತಿದ್ದದ್ದು ಇಷ್ಟೇ. ಸಂಜೆಯ ಬಸ್ಸಿಗೆ ಹೊರಟವರು ಇವರೊಬ್ಬರೇ. ಅವ್ವನಿಗೆ ಏನು ಹೇಳಬೇಕೆಂದು ನನ್ನನ್ನು ಕೇಳಿದರು. ನೀಲಾ ಇನ್ನು ಶಿಕಾರಿಪುರದ ಮನೆಯಲ್ಲಿರುವಂತಿರಲಿಲ್ಲ. ಅಕ್ಕನ ಮಕ್ಕಳ ನಡುವೆಯೂ ಇರುವಂತಿರಲಿಲ್ಲ, ಮಧ್ಯಾಹ್ನವೇ ಭಾವ ಅವಳ ಹಾಸಿಗೆಯನ್ನು ತಾವೇ ಎತ್ತಿ ತಂದು ಕಟ್ಟಿಗೆ ಕೋಣೆಯ ಹೊರಗಿಟ್ಟು ಹೋಗಿದ್ದರು. ಒಂದು ವರ್ಷ ನಾನು ಹಗಲೂ ಇರುಳೂ ಬೇಡಿದ್ದು ಮಗಳು ನನ್ನ ಬಳಿ ಇರಲಿ ಎಂಬುದೊಂದೇ.

ಬಸ್ಸು ಹೋದ ಮೇಲೆ ಅಕ್ಕ ಹೊಸ್ತಿಲ ಮೇಲೆ ಊಟವಿಟ್ಟು ಹೋದಳು. ಗಡಿಬಿಡಿಯಲ್ಲಿ ಒಂದೇ ತಟ್ಟೆ ತಂದಿದ್ದಳು. ನೀಲಾ ನನ್ನ ಮುಖ ನೋಡಿದಳು, ಗದರುತ್ತೇನೋ ಎಂದು. ಆಮೇಲೆ ಮೆಲ್ಲಗೆ ಸರಿದು ಬಂದು, ತೊಡೆಗೆ ತೊಡೆ ತಾಗಿಸಿ ಕೂತು, ನನ್ನ ತಟ್ಟೆಗೆ ಕೈ ಹಾಕಿದಳು. ಹಸಿದಿದ್ದಳು, ಗಬಗಬನೆ ಉಂಡಳು. ಬೇಡವೆನ್ನಲು ನನಗೆ ಇನ್ನು ಕಾರಣವಿರಲಿಲ್ಲ.